ಬಾಯಿ ಬಿಟ್ಟ ಮಡಿ

ಮೊನ್ನೆ ಮಸ್ಕಿಯಲ್ಲಿ ಚಿಗವ್ವ, ಅಂದರೆ ನನ್ನ ಚಿಕ್ಕಮ್ಮ, ಟ್ರಂಕು ತೆರೆದಾಗ ಒಣಗಿದ ಬೇವಿನ ಎಲೆಯ ವಾಸನೆ ಬಂತು. ಅದರ ಬೆನ್ನಿಗೇ ಒಂದು ತೋಟ ಬಂತು. ನಿಮಗೂ ಹೀಗಾಗುತ್ತದೆಯೋ ಏನೋ: ವಾಸನೆ ಒಂದರದ್ದು, ನೆನಪು ಇನ್ನೊಂದರದ್ದು.

ತೋಟ ಲಿಂಗಸುಗೂರಿನದು, ಹುಸೇನಜ್ಜ ಹಾಕಿದ್ದು. ಅವನನ್ನು ಬರೀ ಮಾಲಿ ಎಂದರೆ ಕಡಿಮೆಯಾದೀತು. ಸುಣ್ಣದ ಪುಡಿಯಿಂದ ನೆಲದ ಮೇಲೆ ಅವನು ಎಳೆದ ನಕ್ಷೆ ನೋಡಲು ಸಿಂಧನೂರಿನಿಂದಲೂ ಜನ ಬರುತ್ತಿದ್ದರಂತೆ. ಎಂಟು ಎಸಳಿನ ಹೂವಿನಂಥ ಮಡಿ, ಅಂದರೆ ಪಾತಿ. ಏಳು ಎಸಳು ಮುಚ್ಚಿದ್ದು, ಎಂಟನೆಯದು ನೀರು ಒಳಬರಲು ಬಾಯಿ ಬಿಟ್ಟದ್ದು. ಅಜ್ಜ ಹೋದ, ತೋಟವಿದ್ದ ಕಡೆ ಈಗ ಗಾಡಿಗಳು ನಿಲ್ಲುತ್ತವೆ. ನೋಡಲು ಬಂದವರು ಕಣ್ಣಲ್ಲಿ ತುಂಬಿಕೊಂಡು ಹೋದ ಆ ಹೂವು ಮಾತ್ರ ಸಿಂಧನೂರಿನ ಕಿಟಕಿಯ ಸರಳುಗಳಲ್ಲಿದೆ, ಲಿಂಗಸುಗೂರಿನ ಅಂಗಳದ ರಂಗೋಲಿಯಲ್ಲಿದೆ, ಹಳೆ ಸೀರೆಗಳ ತುಂಡು ಸೇರಿಸಿ ಹೊಲಿಯುವ ಮಸ್ಕಿಯ ಕೌದಿಗಳಲ್ಲಿದೆ. ವಿಶ್ವವಿದ್ಯಾಲಯದಲ್ಲಿದ್ದಾಗ ನಾನು ದಿನಚರಿಯಲ್ಲಿ ಆ ಬಾಯಿಯನ್ನು ‘ಆತ್ಮ ಹೊರಗೆ ಹೋಗಲು ಬಿಟ್ಟ ಬಾಗಿಲು’ ಎಂದು ಬರೆದಿದ್ದೆ. ನೀರಿನ ದಾರಿ ಎಂಬುದು ಆ ವಯಸ್ಸಿಗೆ ತೀರ ಸಣ್ಣ ಮಾತಾಗಿ ಕಂಡಿರಬೇಕು.

ಚಿಗವ್ವ ಟ್ರಂಕಿನಿಂದ ತೆಗೆದದ್ದು ತಾನು ವರ್ಷವಿಡೀ ಹೊಲಿದ ಕೌದಿ. ಪ್ರದರ್ಶನವೊಂದಕ್ಕೆ ಕಳಿಸಿದ್ದಳು. ಒಂದು ಎಸಳಿನ ಹೊಲಿಗೆ ಬಿಟ್ಟುಹೋಗಿದೆ, ಮುಚ್ಚಿ ಕಳಿಸಿದರೆ ಇಡುತ್ತೇವೆ ಎಂದು ಪ್ರದರ್ಶನದವರು ಹಿಂದಿರುಗಿಸಿದ್ದರು.

“ಓದಿದಾಕಿ ನೀ. ಹೇಳು, ಮುಚ್ಚಲೋ ಬಿಡಲೋ?” ಅಂದಳು.

ತೋಟದಲ್ಲಿ ಹಾಗೇ ಇತ್ತು, ನಾನು ಕಂಡಿದ್ದೇನೆ ಎಂದು ಒಂದು ಚೀಟಿ ಬರೆದರೆ ಮುಗಿಯುತ್ತಿತ್ತು. ಆದರೆ ನಾನು ಕಂಡಿದ್ದೇನೆಯೇ? ಕಣ್ಣು ಮುಚ್ಚಿದರೆ ಕೆಂಪು ಮಡಿಗೆ ನೀರು ಹರಿದು ಬರುತ್ತದೆ, ಮಣ್ಣು ತೊಯ್ದು ಕಪ್ಪಾಗುತ್ತದೆ. ಆ ಕೆಂಪಿನ ಮೇಲೆ ಬಿಳಿ ಚುಕ್ಕೆಗಳಿವೆ. ಅಷ್ಟು ಒಪ್ಪವಾದ ಚುಕ್ಕೆ ಯಾವ ಹೂವಿಗೂ ಇರುವುದಿಲ್ಲ. ಅದು ಅವ್ವನ ಹಳೆಯ ಸೀರೆ. ಚಿಕ್ಕಂದಿನಲ್ಲಿ ಹೊದ್ದು ಮಲಗಿದ ಕೌದಿಯೊಳಗೇ ನಾನು ತೋಟ ಸುತ್ತಿರಬೇಕು.

“ಚಿಗವ್ವ, ನನಗ ಸಾಕ್ಷಿ ಹೇಳಾಕ ಬರಂಗಿಲ್ಲ. ನಾ ತೋಟ ನೋಡೀನೋ ಇಲ್ಲೋ ಖಾತ್ರಿ ಇಲ್ಲ,” ಅಂದೆ.

“ನೀ ನೋಡದಿದ್ರ ಬಿಡು. ನಾ ನೋಡೀನಲ್ಲ. ಮದಿವಿಗಿಂತ ಮೊದಲ ಅಲ್ಲೇ ನೀರು ಹಾಯಸ್ತಿದ್ದೆ. ಅಜ್ಜ ಎಂಟೂ ಎಸಳು ಮುಚ್ಚೇ ಬದು ಕಟ್ಟಿದ್ದ. ಚಂದ ಇತ್ತು ಖರೆ, ನೀರು ಹೆಂಗ ಹೋಗಬೇಕು? ಒಂದರ ಬದು ಹಿಮ್ಮಡೀಲೆ ಒದ್ದು ಬಾಯಿ ಬಿಡಿಸಿದೆ.”

“ಅಜ್ಜ ಬೈಲಿಲ್ಲೇನು?”

“ಬೈದ. ನನ್ನ ಹೂವಿನ ಹಲ್ಲು ಮುರದೆಲ್ಲ ಬೇ ಅಂದ. ಮರುದಿನ ಬಂದು ನೀರು ಹರಿಯೋದು ನೋಡಿದ. ಮುಂದ ಎಲ್ಲಿ ತೋಟ ಹಾಕಿದ್ರೂ ಹಂಗ ಹಾಕಿದ.”

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀ ಬರೇ ಅಜ್ಜನ ಸುದ್ದಿ ಕೇಳ್ತಿದ್ದಿ. ನನ್ನ ಸುದ್ದಿ ಯಾವಾಗ ಕೇಳಿದಿ?”

ಅವಳ ನೆನಪೂ ನನ್ನದರಂತೆ ಬಟ್ಟೆಯಿಂದ ಹುಟ್ಟಿದ್ದಿರಬಹುದೇ ಎಂಬ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಹೇಳುತ್ತಿದ್ದಾಗ ಬಲಗಾಲಿನ ಹಿಮ್ಮಡಿ ನೆಲವನ್ನು ಒತ್ತಿ ತಾನಾಗಿಯೇ ತಿರುಗಿತು. ಅವಳಿಗೆ ಅದು ಗೊತ್ತಾದಂತೆ ಕಾಣಲಿಲ್ಲ.

ಚೀಟಿ ಬರೆದೆ. ಇದು ಬಿಟ್ಟುಹೋದ ಹೊಲಿಗೆಯಲ್ಲ, ನೀರಿನ ಬಾಯಿ; ಹೂವು ಹುಸೇನಜ್ಜನದು, ಬಾಯಿ ಈ ಕೌದಿ ಹೊಲಿದವಳದು; ಮುಚ್ಚಲೇಬೇಕೆಂದರೆ ಇಡುವುದು ಬೇಡ.

ಓದಿ ಹೇಳಿದೆ. ಚಿಗವ್ವ ಚೀಟಿಯ ಮೇಲೆ ಬೆರಳಿಟ್ಟಳು. “ಹೊಲಿದಾಕಿ ಅಂದ್ರ ಯಾರು? ಹೆಸರು ಹಾಕು,” ಅಂದಳು.

ಈರಮ್ಮ ಎಂದು ಬರೆದೆ. ಇಷ್ಟು ವರ್ಷಗಳ ದಿನಚರಿಯಲ್ಲಿ ಆ ಹೆಸರನ್ನು ನಾನು ಒಮ್ಮೆಯೂ ಬರೆದಿರಲಿಲ್ಲ.