ಕೂಸು ಏಳದ ಸದ್ದು

ಸಿದ್ದಲಕ್ಷ್ಮಮ್ಮನ ಮೊದಲ ಮಗು ನಲವತ್ತು ದಿನ ಬದುಕಿತ್ತು. ಒಂದು ಬೆಳಗ್ಗೆ ನೋಡಿದರೆ ಮೈ ತಣ್ಣಗಿತ್ತು, ಅಷ್ಟೇ. ಯಾಕೆಂದು ಸೂಲಗಿತ್ತಿಗೂ ತಿಳಿಯಲಿಲ್ಲ, ಪೇಟೆಯ ಡಾಕ್ಟರಿಗೂ ತಿಳಿಯಲಿಲ್ಲ. ಎರಡನೆಯದು ಹುಟ್ಟಿ ಆರು ತಿಂಗಳಾದರೂ, ಅದು ಮಲಗಿದಾಗಲೆಲ್ಲ ಮೂಗಿನ ಹತ್ತಿರ ಕೈಯಿಟ್ಟು ನೋಡುವ ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ.

ಅವಳ ತವರು ಮೇಚೇರಿಯ ಮಗ್ಗುಲಿನ ಕುರಿಹಟ್ಟಿ. ಮದುವೆಯಾಗಿ ಬಂದದ್ದು ಏರ್ಕಾಡ್ ಬೆಟ್ಟದ ಬುಡದ ಅಡಿವಾರಕ್ಕೆ. ಗಂಡ ಮಾದೇಶ ಬೆಟ್ಟದ ಬಸ್ಸಿನ ಡ್ರೈವರ್. ಬಸ್ಸು ನಿಲ್ಲುವ ತಗಡಿನ ಶೆಡ್ಡಿಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಬೆಳಗ್ಗೆ ಆರಕ್ಕೆ ಅವನು ಹ್ಯಾಂಡಲ್ ಹಾಕಿ ತಿರುಗಿಸಿದನೆಂದರೆ ಬಸ್ಸು ನಾಲ್ಕು ಸಲ ಕೆಮ್ಮಿ, ಆಮೇಲೆ ಪಟಾಕಿ ಸರಕ್ಕೆ ಬೆಂಕಿಯಿಟ್ಟ ಹಾಗೆ ಸಿಡಿಯುತ್ತಿತ್ತು. ಎಂಜಿನ್ನಿನ ಸದ್ದು ನುಂಗಬೇಕಾದ ಸೈಲೆನ್ಸರು ತುಕ್ಕು ಹಿಡಿದು ತೂತುಬಿದ್ದಿತ್ತು. ಕೂಸು ಬೆಚ್ಚಿ ಕಿರುಚಲು ಬಾಯಿ ತೆರೆಯುವುದು, ದನಿಯೂ ಬರದೆ ಉಸಿರೂ ಬರದೆ ಸೆಟೆದುಕೊಳ್ಳುವುದು, ತುಟಿ ನೇರಳೆಹಣ್ಣು ತಿಂದ ಹಾಗಾಗುವುದು. ಬೆನ್ನು ತಟ್ಟಿ, ಮುಖಕ್ಕೆ ಊದಿ, ದೇವರನ್ನೆಲ್ಲ ಕರೆದಾದ ಮೇಲೆ ಉಸಿರು ತಿರುಗುತ್ತಿತ್ತು. ದಿನಾ ಹೀಗೆಯೇ.

"ಏನಾಗಲ್ಲ ಕಣೆ, ತಾನಾಗೇ ಬತ್ತದೆ" ಎನ್ನುತ್ತಿದ್ದವಳು ಮುನಿಶಾಮಮ್ಮ. ಬೆಟ್ಟದ ಮೇಲೆ ಹುಲ್ಲು ಕೊಯ್ದು, ಹೊರೆ ಹೊತ್ತು ಘಾಟಿ ರಸ್ತೆಯಲ್ಲಿ ಇಳಿದು ಬಂದು ಜಟಕಾದವರಿಗೆ ಮಾರುವವಳು. ಮಧ್ಯಾಹ್ನ ಹೊರೆ ಇಳಿಸಿದ ಮೇಲೆ ಬಂದು, ಕಾಲು ಚಾಚಿ ಕೂತು, ಕೂಸಿಗೆ ನೀರು ಹಾಕಿ ಹೋಗುತ್ತಿದ್ದಳು.

"ಆ ಬಸ್ಸಿಗೆ ಬೆಂಕಿ ಬೀಳ" ಎಂದಳು ಒಂದು ದಿನ ಸಿದ್ದಲಕ್ಷ್ಮಮ್ಮ.

"ಅಂಗನ್ಬ್ಯಾಡ. ನಿನ್ ಗಂಡನ ಬಸ್ಸು ಕೆಮ್ಮೋದೇ ನಮ್ಗೆ ಗಂಟೆ. ತಲೆ ಮ್ಯಾಲೆ ಹೊರೆ ಇದ್ರೆ ಕತ್ತು ತಿರುಗ್ತದಾ? ಎಲ್ಡು ತಿರುವು ಮ್ಯಾಲೆ ಕೆಮ್ತು ಅಂದ್ರೆ ಗ್ವಾಡೆಗೆ ಒತ್ಕೋತೀವಿ, ಮಾವ ಬಂದ ಅಂತ ಸೊಸೆ ಒಳಕ್ಕೆ ಸರಿಯೋ ಅಂಗೆ."

ಸಿದ್ದಲಕ್ಷ್ಮಮ್ಮ ನಕ್ಕಳು. ಅವಳ ಕಣ್ಣು ಕೂಸಿನ ತುಟಿಯ ಮೇಲಿತ್ತು.

ಆ ತಿಂಗಳೇ ಏರ್ಕಾಡಿನ ಬಂಗಲೆಗಳ ದೊರೆಸಾನಿಯರು ಬಸ್ಸಿನ ಸದ್ದಿನ ಮೇಲೆ ದೂರು ಕೊಟ್ಟರು. ಬಸ್ಸಿನ ಯಜಮಾನ ರಾಜಗೋಪಾಲ್ ಮಾದೇಶನನ್ನು ಕರೆದು, "ಬೇರೆ ಸೈಲೆನ್ಸರ್ ಹಾಕಿಸು. ಯಾವುದು ಅಂತ ನೀನೇ ಕೇಳಿ ನೋಡಿ ಆರಿಸು, ನನಗೆ ದೂರು ಬರಬಾರದು" ಎಂದರು. ಮಾದೇಶನಿಗೆ ಹಬ್ಬ. ಟೀ ಅಂಗಡಿಯ ಮುಂದೆ ಶಂಕಗಿರಿಯ ಲಾರಿ ಡ್ರೈವರುಗಳು ಎಷ್ಟು ಸಲ ಚುಚ್ಚಿದ್ದರು: "ಅಣ್ಣಾ, ನಿನ್ ಗಾಡಿಗೆ ಕ್ಷಯ ಐತಾ? ಮದನಪಲ್ಲಿ ಆಸ್ಪತ್ರೇಲಿ ಮಲಗ್ಸು."

"ನಾನೂ ಬತ್ತೀನಿ" ಎಂದಳು ಹೆಂಡತಿ. "ಕೂಸನ್ನೂ ಡಾಕ್ಟರಿಗೆ ತೋರಿಸ್ದಂಗಾಯ್ತು."

ಸೇಲಂನ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಮಗು ಬೆಚ್ಚದ ಹಾಗೆ ನೋಡಿಕೊಳ್ಳಿ ಎಂದರು. ಬೇರೆ ಮದ್ದು ಹೇಳಲಿಲ್ಲ. ಅಲ್ಲಿಂದ ನೇರ ಶೆವ್ವಾಪೇಟೆಗೆ, ಪೊನ್ನುಸ್ವಾಮಿಯ ಶೆಡ್ಡಿಗೆ. ಹಳೇ ಗಾಡಿಗಳ ಸೈಲೆನ್ಸರು ಕಳಚಿ, ಬೆಸೆದು, ಉದ್ದ ಮಾಡಿ, ಬೇಕಾದವರ ಗಾಡಿಗೆ ಕೂರಿಸಿಕೊಡುವವನು ಅವನು. ಮೂರನ್ನು ಮುಂದಿಟ್ಟು, ಒಂದೊಂದಾಗಿ ಬಸ್ಸಿಗೇ ಕಟ್ಟಿ ಎಂಜಿನ್ ಎಬ್ಬಿಸಿ ಕೇಳಿಸಿದ.

ಮೊದಲನೆಯದು ಲಾರಿಯದು. ಎಂಜಿನ್ ಎದ್ದ ಕೂಡಲೇ ತಗಡಿನ ಮಾಡು ನಡುಗಿತು. ಹೆಗಲ ಮೇಲೆ ಮಲಗಿದ್ದ ಕೂಸು ಬೆಚ್ಚಿ ಸೆಟೆದುಕೊಂಡಿತು. ಸಿದ್ದಲಕ್ಷ್ಮಮ್ಮ ಬೀದಿಗೆ ಓಡಿದಳು. ಉಸಿರು ಬಂದು, ಅತ್ತು, ಹಾಲು ಕುಡಿದು ಅದು ಮತ್ತೆ ಮಲಗುವ ತನಕ ಎರಡನೆಯದನ್ನು ಮುಟ್ಟಬಾರದೆಂದಳು.

ಎರಡನೆಯದು ತುಂಬು ದನಿಯದು. "ಆಹಾ, ತವಿಲ್ ನುಡಿಸ್ದಂಗೈತೆ" ಎಂದು ಮಾದೇಶ ಕಣ್ಣು ಮುಚ್ಚಿಕೊಂಡ. ಕೂಸು ಕಣ್ಣು ತೆರೆಯಿತು; ಕೆಳತುಟಿ ಅದುರಿತು.

"ಬ್ಯಾಡ" ಎಂದಳು.

ಮೂರನೆಯದು ಯಾವುದೋ ದೊರೆಯ ಕಾರಿನದು, ಒಳಗೆ ಜರಡಿಯಂಥ ಕೊಳವೆ. ಪೊನ್ನುಸ್ವಾಮಿ ಅದಕ್ಕೆ ಇನ್ನೊಂದು ಡಬ್ಬಿ ಸೇರಿಸಿ ಬಸ್ಸಿಗೆ ಒಗ್ಗಿಸಿದ್ದ. ಎಂಜಿನ್ ಎದ್ದಾಗ ಒಲೆಯ ಮೇಲೆ ಅನ್ನ ಕುದಿಯುವಷ್ಟೇ ಸದ್ದು. ಕೂಸು ಏಳಲಿಲ್ಲ. ಬಿಗಿದ ಮುಷ್ಟಿ ಮೆಲ್ಲಗೆ ಬಿಚ್ಚಿತು.

"ಇದೇ ಇರ್ಲಿ."

"ಲೇ, ಇದು ಬಸ್ಸಾ, ಬೆಕ್ಕಾ? ಗಂಡು ಗಾಡಿಗೆ ಸೀರೆ ಉಡಿಸ್ದಂಗಾಗ್ತದೆ."

ಪೊನ್ನುಸ್ವಾಮಿ ಎಣ್ಣೆ ಕೈ ಒರೆಸಿಕೊಳ್ಳುತ್ತ, "ಅಣ್ಣೇ, ಏರುವಾಗ ಇಷ್ಟಾದ್ರೂ ಇರ್ತದೆ. ಇರಕ್ಕತ್ತಿಲೆ ಇದು ಕೂಡ ಕೇಕ್ಕಾದು" ಎಂದ. ಇಳಿಜಾರಿನಲ್ಲಿ ಇದೂ ಕೇಳುವುದಿಲ್ಲ ಎಂದು.

"ಇನ್ನೂ ಒಳ್ಳೇದಾಯ್ತು" ಎಂದಳು ಸಿದ್ದಲಕ್ಷ್ಮಮ್ಮ.

ಮಾದೇಶ ಎರಡನೆಯದರ ಕಡೆ ಒಮ್ಮೆ ನೋಡಿ, ಕೂಸಿನ ತುಟಿ ನೋಡಿ, ಸೋತ.

ಅದಾದ ಮೇಲೆ ಮನೆಯಲ್ಲಿ ನಿದ್ದೆ ಎಂಬುದು ಬಂತು. ಬಸ್ಸು ಹೊರಟದ್ದು ಕೂಸಿಗೆ ಗೊತ್ತೇ ಆಗುತ್ತಿರಲಿಲ್ಲ. ಕೆನ್ನೆ ತುಂಬಿಕೊಂಡಿತು.

ಮೂರನೆಯ ದಿನ ನೀರು ಹಾಕುತ್ತ ಮುನಿಶಾಮಮ್ಮ ಹೇಳಿದಳು: "ನಿನ್ ಗಂಡ ಕಳ್ಳನಂಗೆ ಬತ್ತಾನೆ ಕಣೆ ಈಗ. ನೆನ್ನೆ ನನ್ ಸೆರಗು ಸವರ್ಕಂಡೇ ಓದ. ಇಳಿಯುವಾಗ ಆರನ್ ಒತ್ಕಂಡು ಬಾ ಅಂತ ಹೇಳು."

"ಹೇಳ್ತೀನಕ್ಕ."

ಅವಳು ಹೇಳಲಿಲ್ಲ. ಅಂದು ಸಂಜೆ ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ, ಬಿಗಿ ತಿರುವಿನಲ್ಲಿ ಸ್ಟೇರಿಂಗಿಗೆ ಎರಡೂ ಕೈ ಬೇಕು, ರಬ್ಬರ್ ಬುಗ್ಗೆಯ ಹಾರನ್ನು ಯಾವ ಕೈಯಲ್ಲಿ ಒತ್ತಲಿ ಎನ್ನುತ್ತಾನೆ. ಇದು ಬೇಡ, ಹಳೇದನ್ನೇ ಹಾಕೋಣ ಎನ್ನುತ್ತಾನೆ. ಅವನಿಗೆ ಹೇಗೂ ಇದು ಹಿಡಿಸಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಮಾರನೆಯ ದಿನವೂ ಹಾಗೇ ಅಂದುಕೊಂಡಳು.

ಹನ್ನೆರಡನೆಯ ದಿನ ಬೆಟ್ಟದಲ್ಲಿ ಮಂಜು. ಬಸ್ಸು ಎರಡು ಗಂಟೆ ತಡವಾಗಿ ಇಳಿಯಿತು. ಮಡ್‌ಗಾರ್ಡಿನಲ್ಲಿ ಹಸಿ ಹುಲ್ಲು ಸಿಕ್ಕಿಕೊಂಡಿತ್ತು. ನಾಲ್ವರು ಹೊರೆಯವರಲ್ಲಿ ಮೂವರು ಮುಂದಿದ್ದರು, ಮುನಿಶಾಮಮ್ಮ ಹಿಂದಿದ್ದಳು. ಬಸ್ಸು ಹೊರೆಗೆ ತಗುಲಿ ಅವಳನ್ನು ತಿರುವಿನ ಕೆಳಕ್ಕೆ ಎಸೆದಿತ್ತು. ಆಸ್ಪತ್ರೆಯ ದಾರಿಯಲ್ಲೇ ಪ್ರಾಣ ಹೋಯಿತು. ಹೆಂಗಸು ರಸ್ತೆ ಬಿಟ್ಟು ಸರಿಯಲಿಲ್ಲ ಎಂದು ಪೊಲೀಸರು ಬರೆದುಕೊಂಡರು. ಆಗಿದ್ದು ಆಯಿತು, ಸೈಲೆನ್ಸರು ಬದಲಿಸಬೇಡ, ಬಂಗಲೆಯವರಿಗೆ ಖುಷಿಯಾಗಿದೆ ಎಂದು ಯಜಮಾನರು ಹೇಳಿ ಕಳಿಸಿದರು.

ಮಾದೇಶ ಅನ್ನ ಮುಟ್ಟಲಿಲ್ಲ. "ಮಂಜಿನಾಗೆ ಹೊರೆ ಕಂಡಿತ್ತು ಕಣೆ" ಎಂದ. "ಸರೀತಾಳೆ ಅಂದ್ಕೊಂಡೆ. ಹನ್ನೊಂದು ವರ್ಸದಿಂದ ಸರೀತಿದ್ಲಲ್ಲ. ತಿರುಗ್ಲೇ ಇಲ್ಲ."

ಅವಳು ಆಗಲೂ ಹೇಳಲಿಲ್ಲ.

ಸಾವಾದ ಮೂರನೆಯ ದಿನ ಕೂಸನ್ನೆತ್ತಿಕೊಂಡು ಮುನಿಶಾಮಮ್ಮನ ತಾಯಿ ಮಾರಿಯಮ್ಮನ ಗುಡಿಸಿಲಿಗೆ ಹೋದಳು. ಜೊತೆಗೆ ಹೊರೆ ಹೊರುತ್ತಿದ್ದ ಮೂವರೂ ಅಲ್ಲೇ ಕೂತಿದ್ದರು.

"ಬಸ್ಸು ಕೆಮ್ಲಿಲ್ವಾ?" ಎಂದು ಮುದುಕಿ ಕೇಳಿದಳು. "ಇವ್ರೆಲ್ಲ ಅದನ್ನೇ ಅಂತವ್ರೆ. ಯಾಕೆ ಕೆಮ್ಲಿಲ್ಲ?"

"ಕೆಮ್ಮದೇ ಇರೋದನ್ನ ನಾನೇ ಆರಿಸ್ದೆ, ಅವ್ವ. ಕೂಸು ಏಳ್ತಿತ್ತು ಅಂತ." ಇಲ್ಲಿಗೆ ನಿಲ್ಲಿಸಬಹುದಿತ್ತು. "ಆರನ್ ಒತ್ತೋಕೇಳು ಅಂತ ಅಕ್ಕ ನಂಗೆ ಹೇಳಿದ್ಲು. ನಾನು ಹೇಳ್ಲಿಲ್ಲ. ಹೇಳಿದ್ರೆ ಹಳೇದೇ ಹಾಕ್ತಾರೆ ಅಂತ."

ಯಾರೂ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಮಾರಿಯಮ್ಮ ಕೂಸನ್ನೇ ನೋಡಿದಳು.

"ಈಗ ನಿದ್ದೆ ಮಾಡ್ತದಾ?"

"ಮಾಡ್ತದೆ."

"ಇವ್ರು ಮೂರು ಜನ ನಾಳೆ ಬೆಟ್ಟಕ್ಕೋಗ್ಬೇಕು" ಎಂದು ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. "ಹಳೇದು ಎಲ್ಲೈತೆ?" ಎಂದ.

"ಹಿತ್ತಲಾಗೆ. ಯಜಮಾನ್ರು ಕೆಲಸ ಬಿಡಿಸಿದ್ರೆ?"

"ಬಿಡಿಸ್ಲಿ."

ಸಂಜೆಯೆಲ್ಲ ಬಸ್ಸಿನ ಕೆಳಗೆ ಮಲಗಿ ತಾನೇ ಕೂರಿಸಿದ.

ಬೆಳಗ್ಗೆ ಆರಕ್ಕೆ ಹ್ಯಾಂಡಲ್ ಹಿಡಿದು ಬಾಗಿಲಿಗೆ ಬಂದು ನಿಂತು, "ಹಾಕ್ಲಾ?" ಎಂದು ಕೇಳಿದ. ಹಿಂದೆಂದೂ ಕೇಳಿದವನಲ್ಲ. ಅವಳು ಕೂಸನ್ನು ಮೊದಲೇ ಎಬ್ಬಿಸಿ, ಕಿವಿಗೆ ಹತ್ತಿಯಿಟ್ಟು, ಸೆರಗು ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ತಲೆಯಾಡಿಸಿದಳು.

ಬಸ್ಸು ಸಿಡಿಯಿತು. ಸೆರಗಿನೊಳಗೆ ಪುಟ್ಟ ಮೈ ಬಿಲ್ಲಿನ ಹಾಗೆ ಬಗ್ಗಿತು. ಅವಳು ಬೆನ್ನು ತಟ್ಟಿದಳು, ಊದಿದಳು, ಮತ್ತೆ ಊದಿದಳು. ಈ ಸದ್ದಿನಲ್ಲಿ ಅಳು ಬಂದರೂ ಮಾದೇಶನಿಗೆ ಕೇಳಿಸುವಂತಿರಲಿಲ್ಲ. ಸ್ಟೇರಿಂಗ್ ಹಿಡಿದು ಬಾಗಿಲನ್ನೇ ನೋಡುತ್ತ ಕೂತಿದ್ದ. ಕಡೆಗೆ ಎದೆಯ ಮೇಲೆ ಬಿಸಿ ಉಸಿರು ತಾಗಿತು. ಅವಳು ಹೊಸ್ತಿಲಿಗೆ ಬಂದು ಕೂಸನ್ನು ಎತ್ತಿ ತೋರಿಸಿದಳು. ಅವನು ಗೇರ್ ಹಾಕಿದ.

ರಸ್ತೆಯಲ್ಲಿ ಹುಲ್ಲಿಗೆ ಹೊರಟ ಹೆಂಗಸರು ಹಿಂತಿರುಗಿ ನೋಡದೆ ಬದಿಗೆ ಸರಿದರು. ಮೂವರಲ್ಲ, ನಾಲ್ವರು. ಕೊನೆಯಲ್ಲಿ ಕುಡುಗೋಲು ಹಿಡಿದು ನಿಧಾನವಾಗಿ ಹೋಗುತ್ತಿದ್ದವಳು ಮಾರಿಯಮ್ಮ.

ಬಸ್ಸಿನ ಸದ್ದು ಒಂದೊಂದೇ ತಿರುವು ಏರುತ್ತ ಹೋಯಿತು. ಕೂಸಿನ ತುಟಿಗೆ ಇನ್ನೂ ಪೂರ್ತಿ ಬಣ್ಣ ಬಂದಿರಲಿಲ್ಲ.