ಗುಡುಗಣ್ಣನ ಎರಡನೇ ಚರಣ

ನನ್ನ ಗಂಡ ವಾರವೆಲ್ಲ ಲಿಫ್ಟ್ ರಿಪೇರಿ ಮಾಡುತ್ತಾರೆ, ರಜೆಯ ದಿನ ವೇದಿಕೆ ಹತ್ತಿ ಗಂಟಲು ಹರಿಯುವಂತೆ ಕೂಗುತ್ತಾರೆ. ಕೂಗುತ್ತಿದ್ದರು ಅನ್ನಬೇಕು. ಅವರ ರಾಕ್ ಬ್ಯಾಂಡಿನ ಮುಂದೆ ಕುಣಿಯುವ ಕಪ್ಪಂಗಿ ಹುಡುಗರು ಇವರಿಗಿಟ್ಟ ಹೆಸರು ಗುಡುಗಣ್ಣ. ಮನೆಯಲ್ಲಿ ಮಾತ್ರ ಈ ಗುಡುಗು ತುಟಿ ಪಿಟಕ್ಕೆನ್ನುವುದಿಲ್ಲ. ಚಹಾ ಬೇಕಾ ಅಂದರೆ ತಲೆ ಆಡಿಸುತ್ತಾರೆ, ಬೇಡವಾ ಅಂದರೂ ಅದೇ ತಲೆ. ನಾನೋ, ಬಾಯಿಬಡುಕಿ ಅಂತ ಬೀದಿಗೆಲ್ಲ ಗೊತ್ತಿರುವವಳು. ಮನೆಯ ಕೆಳಗೆ ಇಸ್ತ್ರಿ ಅಂಗಡಿ ಇಟ್ಟಿದ್ದೇನೆ. ಬಟ್ಟೆ ಒಯ್ಯಲು ಬಂದವರು ಬಟ್ಟೆ ರೆಡಿಯಾದರೂ ನನ್ನ ಮಾತು ಮುಗಿಯುವವರೆಗೆ ನಿಲ್ಲಬೇಕು.

ಈಗ ಅವರ ಹೊಸ ಆಲ್ಬಮ್ ಕೇಳಿದವರೆಲ್ಲ, "ಅಬ್ಬಾ, ಎಂಥ ಮೆತ್ತಗಿನ ದನಿ! ಇಷ್ಟು ದಿನ ಎಲ್ಲಿಟ್ಟಿದ್ರಿ?" ಎಂದು ನನ್ನನ್ನು ಕೇಳುತ್ತಾರೆ. ನಾನೇನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆನೇ? ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಹೇಳಿ ಮುಗಿಸುತ್ತೇನೆ.

ಬ್ಯಾಂಡಿನಲ್ಲಿ ಇರುವುದು ಮೂರೇ ಜನ. ಡ್ರಮ್ಸ್ ಬಾರಿಸುವವನು ನನ್ನ ತಮ್ಮ, ಬೇಕರಿಯವನು. ಗಿಟಾರು ಬೋಳಣ್ಣನದು. ಊರಿಗೆಲ್ಲ ಕಟಿಂಗ್ ಮಾಡುವ ಮನುಷ್ಯ, ತನ್ನ ತಲೆಯಲ್ಲಿ ಹುಡುಕಿದರೂ ಒಂದು ಕೂದಲಿಲ್ಲ. ಬೇಕರಿಯ ಹಿಂದೆ ಮೈದಾ ಮೂಟೆಗಳ ನಡುವೆ ಇವರ ಅಭ್ಯಾಸ ನಡೆಯುತ್ತಿತ್ತು. ಅವರ ಕಾರ್ಯಕ್ರಮಕ್ಕೆ ನಾನು ಹೋಗುತ್ತಿದ್ದದ್ದು ಕಿವಿಗೆ ಹತ್ತಿ ತುರುಕಿಕೊಂಡೇ. ಗಂಡ ಕೂಗುವುದು ಕಾಣಿಸುತ್ತಿತ್ತು, ಏನು ಕೂಗುತ್ತಾರೆಂದು ದೇವರಿಗೇ ಗೊತ್ತು.

ಒಂದು ಸಂಜೆ ಹಾಡಿನ ನಡುವೆ ಇವರ ದನಿ ನಿಂತೇ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಡಾಕ್ಟರ್ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ಒಳಗೆ ಗಂಟಾಗಿದೆ ಎಂದರು. "ಇನ್ನೊಂದ್ಸಲ ಹಂಗೆ ಕೂಗಿದ್ರೆ ಹಾಡು ಹಾಗಿರಲಿ, ಮಾತೂ ಹೋಗುತ್ತೆ. ಸದ್ಯಕ್ಕೆ ಒಂದು ತಿಂಗಳು ಮನೇಲಿ ಯಾರ ಹತ್ರಾನೂ ಮಾತಾಡಬೇಡಿ." ಕಣ್ಣಲ್ಲಿ ನೀರು ತುಂಬಿಕೊಂಡಿದ್ದವಳಿಗೆ ಫಕ್ಕನೆ ನಗು ಬಂತು. ಹೊಸದಾಗಿ ಇವರು ಬಿಡಬೇಕಾದ ಮಾತಾದರೂ ಯಾವುದಿತ್ತು?

ತಿಂಗಳು ಕಳೆಯಿತು. ಮೆಲ್ಲಗೆ ಹಾಡಿದರೆ ತೊಂದರೆಯಿಲ್ಲ ಎಂದರು ಡಾಕ್ಟರ್. ನನ್ನ ತಮ್ಮ ಓಡಿ ಬಂದ.

"ಭಾವ, ಕರೆಂಟ್ ಗಿಟಾರು, ದೊಡ್ಡ ಸ್ಪೀಕರು ಎಲ್ಲ ಮೂಲೆಗೆ ಹಾಕೋಣ. ಬೋಳಣ್ಣ ಕರೆಂಟ್ ಬೇಡದ ಅಕೂಸ್ಟಿಕ್ ಗಿಟಾರ್ ನುಡಿಸ್ಲಿ, ನಾನು ಬರೀ ಕೈಯಲ್ಲಿ ಮರದ ಪೆಟ್ಟಿಗೆ ತಟ್ತೀನಿ. ನಮ್ಮ ಹಾಡುಗಳನ್ನೇ ಮೆತ್ತಗೆ ಹಾಡಿ ಒಂದು ಆಲ್ಬಮ್ ಮಾಡೋಣ. ಇದೂ ಆಗ್ಲಿಲ್ಲ ಅಂದ್ರೆ ಬ್ಯಾಂಡ್ ಮುಚ್ಚೋದೇ ದಾರಿ."

ಇವರು ತಲೆ ಆಡಿಸಿದರು. ಹೂಂ ಎಂದೇ ಅರ್ಥ ಅಂದುಕೊಂಡೆವು.

ಸದ್ದಿಲ್ಲದ ಹಾಡಿಗೆ ಮೈದಾ ಮೂಟೆಗಳ ಕಾವಲು ಯಾಕೆ ಎಂದು ಅಭ್ಯಾಸ ನಮ್ಮ ನಡುಮನೆಗೆ ಬಂತು. ಮೊದಲು ತೆಗೆದುಕೊಂಡದ್ದು ಅವರ ಹೆಸರುವಾಸಿ ಹಾಡು, 'ಬಾಗಿಲು ಒಡಿ'. ಇವರು ನೆಲ ನೋಡುತ್ತ, ಬೆವರು ಒರೆಸುತ್ತ, ಮೊದಲ ಚರಣವನ್ನು ಹೇಗೋ ದಾಟಿದರು. ಆಮೇಲೆ ಸುಮ್ಮನಾದರು. ಗಿಟಾರು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು.

"ಎರಡನೇ ಚರಣ ಎತ್ಕೊಳ್ಳೋ," ಎಂದ ಬೋಳಣ್ಣ.

"ಅದು ಇಲ್ಲ."

"ಇಲ್ಲ ಅಂದ್ರೆ?"

"ಬರೆದೇ ಇಲ್ಲ. ಬಾಯಿಗೆ ಬಂದದ್ದು ಕೂಗ್ತಿದ್ದೆ. ಬ್ರೇಕು, ಬಫರು, ರೋಪು, ಪುಲ್ಲಿ... ಲಿಫ್ಟಿನ ಸಾಮಾನು."

ನನ್ನ ತಮ್ಮ ತಲೆ ಮೇಲೆ ಕೈ ಹೊತ್ತುಕೊಂಡ. "ಭಾವ! ಆ ಚರಣ ಬಂದಾಗ ಹುಡುಗ್ರು ಅಳ್ತಿದ್ರು!"

"ಆ ಸದ್ದಿಗೆ ಯಾರ ಕಣ್ಣಲ್ಲೂ ನೀರು ಬರುತ್ತೆ ಬಿಡು," ಎಂದೆ ನಾನು.

ನಕ್ಕೆವು, ನಿಜ. ನಗು ಅಲ್ಲಿಗೇ ಮುಗಿಯಿತು. ಬೋಳಣ್ಣ ಚಂದ್ರ, ಹೂವು, ನದಿ ಎಲ್ಲ ಹಾಕಿ ಒಂದು ಚರಣ ಹೊಸೆದು ತಂದ. ಇವರ ಬಾಯಲ್ಲಿ ಅದು ಕೂರಲೇ ಇಲ್ಲ. ಬರಬರುತ್ತ ಮೊದಲ ಚರಣವೂ ಕೆಟ್ಟಿತು. ಎದುರಿಗೆ ಕೂತವರು ಒಬ್ಬ ಭಾವಮೈದುನ, ಒಬ್ಬ ಗೆಳೆಯ. ಅಷ್ಟಕ್ಕೇ ಇವರ ಕಿವಿ ಕೆಂಪಾಗಿ ದನಿ ಒಳಗೇ ಇಂಗುತ್ತಿತ್ತು. ಕೊನೆಗೊಂದು ದಿನ ಮೈಕು ಕೆಳಗಿಟ್ಟು ಎದ್ದರು. "ಕೂಗುವಾಗ ನನ್ನ ಮಾತು ಯಾರಿಗೂ ಕೇಳಿಸ್ತಿರ್ಲಿಲ್ಲ. ಈಗ ಕೇಳಿಸುತ್ತೆ. ನನ್ನ ಕೈಲಾಗಲ್ಲ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದು ಹೇಳಿ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಹಾಡೊಂದು ಹೋದರೆ ಈ ಮನುಷ್ಯನಿಗೆ ಉಳಿಯುವುದೇನು? ಬೇರೆ ಚಟವಿಲ್ಲ, ಚಾಳಿಯಿಲ್ಲ, ಹರಟೆಯಿಲ್ಲ. ಮರುದಿನದಿಂದ ಕೆಲಸಕ್ಕೆ ಹೋಗಿ ಬಂದು, ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ಬಿಟ್ಟು, ಕಿಟಕಿ ಪಕ್ಕ ಕೂರತೊಡಗಿದರು. ಬೈದೆ, ರಮಿಸಿದೆ, ಮತ್ತೆ ಬೈದೆ. ಕಲ್ಲಿಗೆ ಹೇಳಿದಂತಾಯಿತು.

ಅದೇ ವಾರ ಪಕ್ಕದ ಬೀದಿಯ ಫ್ಲ್ಯಾಟುಗಳಿಗೆ ಇಸ್ತ್ರಿ ಬಟ್ಟೆ ಕೊಡಲು ಹೋದೆ. ಲಿಫ್ಟ್ ಕೆಟ್ಟಿತ್ತು. ಗಂಟು ಹೊತ್ತು, ಕಟ್ಟಿಸಿದವನನ್ನು ಶಪಿಸುತ್ತ ಮೆಟ್ಟಿಲು ಹತ್ತಿದೆ. ಮೇಲಿನಿಂದ ಯಾರೋ ಗಂಡಸು ಮಾತಾಡುವುದು ಕೇಳಿಸಿತು. ಬೆಚ್ಚಗಿನ, ಆತುರವಿಲ್ಲದ ದನಿ. ಎಷ್ಟು ಚೆನ್ನಾಗಿ ಮಾತಾಡುತ್ತಾನಪ್ಪಾ ಎಂದುಕೊಂಡು ತಿರುವಿನಲ್ಲಿ ಇಣುಕಿದರೆ ನನ್ನ ಗಂಡ!

ನೆಲದ ಮೇಲೆ ಕೂತು ಲಿಫ್ಟಿನ ಬಾಗಿಲಿಗೆ ಕೆನ್ನೆ ಆನಿಸಿಕೊಂಡಿದ್ದರು. ಒಳಗೆ ಹೆಂಗಸೊಬ್ಬಳು ಸಿಕ್ಕಿಬಿದ್ದು ಅಳುತ್ತಿದ್ದಳು. ಮೇಲೆ ಮಷಿನ್ ರೂಮಿನಲ್ಲಿ ಇವರ ಜೊತೆಗಾರ ಲಿಫ್ಟನ್ನು ಮೆಲ್ಲಗೆ ಬಾಗಿಲಿನ ಮಟ್ಟಕ್ಕೆ ತರಲು ಬ್ರೇಕ್ ಸಡಿಲಿಸುತ್ತಿದ್ದ. ಅವನು ಮುಗಿಸುವ ತನಕ ಒಳಗಿದ್ದವರಿಗೆ ಧೈರ್ಯ ಹೇಳುತ್ತಿರುವುದು ಇವರ ಕೆಲಸವಂತೆ.

"ಹೆದರ್ಬೇಡಿ ತಾಯಿ, ಲಿಫ್ಟ್ ಬೀಳಲ್ಲ. ನಾನು ಇಲ್ಲೇ ಇದ್ದೀನಿ. ಏನಾದ್ರೂ ಮಾತಾಡ್ತಾ ಇರಿ."

"ನಂಗಾಗಲ್ಲ... ನೀವೇ ಹೇಳಿ ಏನಾದ್ರೂ."

"ನಮ್ಮನೆಯವಳು ಇಲ್ಲಿದ್ದಿದ್ರೆ ನಿಮಗೆ ಹೆದರೋಕೆ ಪುರುಸೊತ್ತೇ ಕೊಡ್ತಿರ್ಲಿಲ್ಲ. ಬಾಯಿ ಅನ್ನೋದು ಮುಚ್ಚಲ್ಲ ಅವಳು. ಅಂಗಡೀಲಿ ಮಾತಾಡಿದ್ರೆ ಮಹಡಿ ಮೇಲಿರೋ ನಂಗೆ ಕೇಳುತ್ತೆ. ಒಂದಿನ ಜ್ವರ ಬಂದು ಸುಮ್ಮನೆ ಮಲಗಿಬಿಟ್ಲು. ಮನೆಯೆಲ್ಲ ಗಪ್‌ಚುಪ್. ನಂಗೆ ಕೈಕಾಲೇ ಆಡ್ಲಿಲ್ಲ ನೋಡಿ."

ನಾನು ಗಂಟಿನ ಸಮೇತ ಮೆಟ್ಟಿಲ ಮೇಲೆ ಕುಸಿದು ಕೂತೆ. ಇಸ್ತ್ರಿಯ ಮಡಿಕೆ ಮಣ್ಣುಪಾಲಾದರೆ ಆಗಲಿ. ಖುಷಿಯಾಯಿತೋ ಎಂದರೆ ಆಯಿತು, ಮೈ ಉರಿಯಿತೋ ಎಂದರೆ ಅದೂ ಉರಿಯಿತು. ಆ ಹೆಂಗಸು ಕ್ಷೇಮವಾಗಿ ಹೊರಬಂದು ಇವರಿಗೆ ಕೈ ಮುಗಿಯುವುದನ್ನು ನೋಡಿ, ಸದ್ದಿಲ್ಲದೆ ಇಳಿದು ಬಂದೆ.

ಇವರು ಮನೆಗೆ ಬರುವುದನ್ನೇ ಕಾಯುತ್ತಿದ್ದೆ. "ಏನ್ರೀ, ಲಿಫ್ಟಲ್ಲಿ ಸಿಕ್ಕಿಬಿದ್ದೋರಿಗೆಲ್ಲ ಹೇಳೋ ಮಾತು ಕಟ್ಕೊಂಡೋಳಿಗೆ ಇಲ್ವಾ?"

ಶೂ ಬಿಚ್ಚುತ್ತಿದ್ದ ಕೈ ನಿಂತಿತು. "ಮಧ್ಯೆ ಬಾಗಿಲಿದ್ರೆ ಹೇಳ್ಬಹುದು ಕಣೇ," ಎಂದರು ಶೂ ನೋಡುತ್ತ. "ಮುಖ ನೋಡಿದ್ರೆ ನಾಲಿಗೆ ಏಳಲ್ಲ."

"ಅಷ್ಟೇ ತಾನೇ? ಅಡುಗೆಮನೆಗೆ ಬಾಗಿಲಿದೆ!" ಎಂದವಳೇ ತಮ್ಮನಿಗೆ ಫೋನು ಮಾಡಿದೆ.

ರಜೆಯ ದಿನ ಬೆಳಗ್ಗೆ ಇವರೊಬ್ಬರನ್ನೇ ಮೈಕಿನ ಮುಂದೆ ನಡುಮನೆಯಲ್ಲಿ ಬಿಟ್ಟು ನಾವು ಮೂವರು ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡೆವು. ಬೋಳಣ್ಣ ಗಿಟಾರು ಹಿಡಿದು ಸ್ಟೂಲಿನ ಮೇಲೆ ಕೂತ. ನನ್ನ ತಮ್ಮ ರೆಕಾರ್ಡಿಂಗ್ ಮಷಿನನ್ನು ಒಲೆ ಪಕ್ಕದ ಕಟ್ಟೆಗಿಟ್ಟು, ತಾನು ತಟ್ಟುವ ಪೆಟ್ಟಿಗೆಯ ಮೇಲೆಯೇ ಕೂತ. "ಅಕ್ಕ, ದಮ್ಮಯ್ಯ ಅಂತೀನಿ, ಹಾಡು ಮುಗಿಯೋವರೆಗೆ ಬಾಯಿ ಬಿಡಬೇಡ."

"ಅತ್ತಿಗೆಗೆ ಆಗೋ ಕೆಲಸ ಹೇಳಪ್ಪ," ಎಂದು ನಕ್ಕ ಬೋಳಣ್ಣ.

ಗಿಟಾರು ಶುರುವಾಯಿತು. ಆಚೆಯಿಂದ ಇವರ ದನಿ ಬಂತು. ಮೆಟ್ಟಿಲ ಮೇಲೆ ಕೇಳಿದ ಅದೇ ದನಿ. 'ಬಾಗಿಲು ಒಡಿ' ಎಂಬ ಮಾತನ್ನು ಅಷ್ಟು ಮೃದುವಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಮೊದಲ ಚರಣ ಮುಗಿಯಿತು. ಎರಡನೇ ಚರಣದ ಜಾಗದಲ್ಲಿ ಅದನ್ನೇ ಮತ್ತೆ ಹಾಡಿದರೆ ಸಾಕು ಎಂದು ತಮ್ಮ ಮೊದಲೇ ಹೇಳಿದ್ದ. ಆದರೆ ಇವರು ನಮಗಾರಿಗೂ ಗೊತ್ತಿಲ್ಲದ ಸಾಲು ಎತ್ತಿಕೊಂಡರು.

ಹೆದರಬೇಡ, ಬಾಗಿಲಾಚೆ ನಾನಿರುವೆ,
ಕತ್ತಲೆ ಅಷ್ಟೇ, ನಾವು ಬೀಳುವುದಿಲ್ಲ.
ಏನಾದರೂ ಸರಿ, ಮಾತಾಡುತ್ತಿರು...

ನನಗೆ ತಡೆಯಲಾಗಲಿಲ್ಲ. ಚಿಲಕ ತೆಗೆದೆ. ನನ್ನ ತಮ್ಮ ಎರಡೂ ಕೈ ಬೀಸಿ ಬೇಡ ಬೇಡ ಎಂದ. ಆಗಲೇ ಬಾಗಿಲು ತೆರೆದಾಗಿತ್ತು. ಇವರು ತಲೆಯೆತ್ತಿದರು. ಕಿವಿಯ ತುದಿಯವರೆಗೆ ಕೆಂಪೇರಿತು. ಹಾಡು ನಿಂತೇ ಹೋಯಿತು, ನನ್ನ ಕೈಯಾರೆ ಕೆಡಿಸಿದೆ ಎಂದುಕೊಂಡೆ. ಒಂದು ಉಸಿರಿನಷ್ಟು ಹೊತ್ತು ತಡೆದರು. ನೆಲ ನೋಡಲಿಲ್ಲ. ನನ್ನ ಮುಖ ನೋಡಿಕೊಂಡೇ ಕೊನೆಯ ಸಾಲು ಹಾಡಿದರು.

ನಿನ್ನ ಮಾತು ನಿಂತರೆ ನನಗೆ ಭಯ.

ಗಿಟಾರು ನಿಂತಿತು. ಏನಾದರೂ ಹೇಳೋಣವೆಂದರೆ ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಇವರಿಗೆ ಗಾಬರಿಯಾಯಿತು.

"ಏನಾದ್ರೂ ಅನ್ನೇ," ಎಂದರು. "ಬೈದ್ರೂ ಸರಿ."

"ಇನ್ನೊಂದ್ಸಲ ಹಾಡಿ," ಎಂದೆ ಮೂಗೊರೆಸಿಕೊಳ್ಳುತ್ತ. "ನಾನು ಇಲ್ಲೇ ಎದುರಿಗೆ ಕೂತ್ಕೋತೀನಿ."

ಆಲ್ಬಮ್ಮಿನಲ್ಲಿ ಇರುವುದು ಆ ಎರಡನೇ ಸಲ ಹಾಡಿದ್ದು.