ಮೊದಲ ಬೀಜ ಗಾರ್ಡ್ ಸಾಹೇಬರಿಗೆ

ಎಂಬತ್ತರ ದಶಕದಲ್ಲಿ ನಾಗಪುರದ ರೈಲ್ವೆ ಕ್ವಾರ್ಟರ್ಸಿನ ನಮ್ಮ ಪಕ್ಕದ ಮನೆಯಲ್ಲಿದ್ದವರು ಗದಗಿನ ಕಡೆಯ ಒಬ್ಬ ಗೂಡ್ಸ್ ಗಾರ್ಡ್. ಗಾಡಿ ನಿಂತಲ್ಲೆಲ್ಲ ಹೆಸರೇ ಗೊತ್ತಿಲ್ಲದ, ಬಾದಾಮಿಯಂಥ ಬೀಜಗಳನ್ನು ಆರಿಸಿ ತಂದು ವನಸ್ಪತಿ ಡಬ್ಬಿಗಳಲ್ಲಿ ಮೊಳೆಯಿಸಿ ಹಿತ್ತಲಲ್ಲಿ ನೆಡುತ್ತಿದ್ದರು. ಹೊಸ ಮರ ಕಾಯಿ ಬಿಟ್ಟರೆ, “ಮೊದ್ಲ ನಾ ತಿಂತೀನ್ರಿ, ಸಂಜೀಮಟ ನೋಡೂಣು” ಎನ್ನುತ್ತಿದ್ದರು. ಏನೂ ಆಗದಿದ್ದರೆ ಮಾತ್ರ ಓಣಿಗೆಲ್ಲ ಹಂಚುವುದು.

ಒಂದು ಬೆಳಿಗ್ಗೆ ನನ್ನ ಐದು ವರ್ಷದ ಮಗಳು ಹೊಸ ಮರದ ಬೀಜಗಳನ್ನು ಅವರಿಗಿಂತ ಮೊದಲೇ ತಿಂದುಬಿಟ್ಟಳು. ಯಾರೋ ಸೀನಿದರೆ ನನ್ನ ಹಣೆ ಮುಟ್ಟಿ ನೋಡಿಕೊಳ್ಳುವವನು ನಾನು. ಅವಳನ್ನೆತ್ತಿಕೊಂಡು ಡಾಕ್ಟರ ಬಳಿಗೆ ಓಡಿದೆ. ಅವರು ಪರೀಕ್ಷಿಸಿ, “ಸಂಜೆವರೆಗೆ ಕಣ್ಣಿಟ್ಟಿರಿ” ಎಂದು ಕಳಿಸಿದರು.

ಮರಳಿ ಬಂದಾಗ ಗಾರ್ಡ್ ಸಾಹೇಬರು ನಮ್ಮ ಬಾಗಿಲಲ್ಲೇ ನಿಂತಿದ್ದರು.

“ಎಷ್ಟ್ ತಿಂದಿ, ಪುಟ್ಟಿ?”

“ಮೂರು, ಅಜ್ಜಾ.”

“ತೂಕದಾಗ ನಾ ಆಕಿ ಮೂರುಪಟ್ಟು ಅದೀನಿ,” ಎಂದು ಅದೇ ಮರದ ಒಂಬತ್ತು ಬೀಜ ಒಡೆದು ತಿಂದರು.

“ಅಯ್ಯೋ, ನೀವ್ಯಾಕೆ ಸಾರ್?”

“ಒಳಗ ಏನಾಗಾಕತ್ತೇತಿ ಅಂತ ಕೂಸಿಗೆ ಹೇಳಾಕ ಬರೂದಿಲ್ರಿ. ನನಗ ಬರತೈತಿ.”

ನಮ್ಮ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ದಿನವಿಡೀ ಕೂತರು. ನಾನು ಇಬ್ಬರ ನಾಡಿಯನ್ನೂ ಸರದಿಯಂತೆ ಹಿಡಿದೆ. ಸಂಜೆಗೆ ಮಗಳು ಕುಂಟಾಬಿಲ್ಲೆ ಆಡುತ್ತಿದ್ದಳು.

ಅವರು ಎದ್ದು ನನ್ನ ಅಂಗೈಗೊಂದು ಬೀಜ ಹಾಕಿದರು. “ಈಗ ನೀವ್ ತಿನ್ರಿ.”

ನಾನು ಅದನ್ನು ಜೇಬಿಗಿಳಿಸಿದೆ, ನಾಳೆ ಸಂಜೆಯವರೆಗೂ ನೋಡೋಣವೆಂದು.